ಕಂದಕದ ತೀರ್ಥ

ರಾಯಚೂರು ಶಹರದಲ್ಲಿ ನದಿ ಇಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವುದು ನಿಜ. ಆದರೆ ಯಾವುದನ್ನು ನೋಡಬೇಕಾದರೂ ಬಸ್ಸು ಹತ್ತಬೇಕು. ಮಾನ್ವಿಯ ಹೈಸ್ಕೂಲಿನಲ್ಲಿ ಚಂದ್ರಕಲಾ ಟೀಚರಿಂದ ಸಮಾಜ ವಿಜ್ಞಾನ ಹೇಳಿಸಿಕೊಂಡ ಎಂಟನೇ ತರಗತಿಯ ಹುಡುಗಿಯೂ ಇದನ್ನು ನಿದ್ದೆಗಣ್ಣಿನಲ್ಲೇ ಹೇಳಬಲ್ಲಳು. ಹಾಗಾಗಿ ಕೋಟೆ ಪರಂಪರೆ ಸಮಿತಿಯ ಕರಪತ್ರದ ಮೊದಲ ಪುಟ ಮೊಬೈಲಿಗೆ ಬಂದಾಗ ಚಂದ್ರಕಲಾ ಅದನ್ನು ಎರಡು ಸಲ ಓದಿದಳು.

‘ನದಿಯ ದಂಡೆಯ ಮೇಲೆ ಹಬ್ಬಿರುವ ಐತಿಹಾಸಿಕ ಕೋಟೆ ನಗರ ರಾಯಚೂರಿಗೆ ಸ್ವಾಗತ. ಕಲ್ಲು ಹಾಸಿದ ಓಣಿಗಳಲ್ಲಿ ನಡೆಯುತ್ತ, ಪುರಾತನ ಸೇತುವೆಗಳನ್ನು ದಾಟುತ್ತ, ನೀರಿನ ಮೇಲೆ ತೇಲುವ ಹಂಸಗಳನ್ನು ಕಣ್ತುಂಬಿಕೊಳ್ಳಿ.’

ಹಂಸಗಳು! ಗಬ್ಬೂರಿನಲ್ಲಿ ಹುಟ್ಟಿ ಬೆಳೆದ ಚಂದ್ರಕಲಾ ಹಂಸ ಕಂಡಿದ್ದು ದೇವಸ್ಥಾನದ ಕಂಬಗಳ ಮೇಲೆ ಮಾತ್ರ, ಅದೂ ಕೊಕ್ಕು ಮುರಿದವು. ಅವಳ ಅಪ್ಪ ಬೂದೆಪ್ಪ ಕುರಿ ಕಾಯುತ್ತಿದ್ದ. ಊರ ತುಂಬ ಬಿದ್ದಿದ್ದ ಶಾಸನದ ಕಲ್ಲುಗಳ ನೆರಳಿನಲ್ಲಿ ಮರಿಗಳನ್ನು ಕಟ್ಟಿ, ಮಗಳನ್ನು ಕಾವಲಿಗೆ ಕೂರಿಸಿ ಹೋಗುತ್ತಿದ್ದ. ಆ ಕಲ್ಲಿನ ಮೇಲೆ ಏನು ಬರೆದಿದೆ ಎಂದು ಊರಲ್ಲಿ ಯಾರನ್ನು ಕೇಳಿದರೂ ‘ನಿಧಿ ಎಲ್ಲಿ ಹುಗದಾರಂತ ಬರದದ’ ಎಂಬ ಒಂದೇ ಉತ್ತರ. ಆ ಉತ್ತರದ ಮೇಲಿನ ಸಿಟ್ಟಿಗೇ ಅವಳು ಓದಿದಳು, ಟೀಚರಾದಳು, ಬೇಸಿಗೆ ರಜೆಗಳಲ್ಲಿ ಕೂತು ಹಳೆಯ ಕನ್ನಡ ಮತ್ತು ತೆಲುಗು ಲಿಪಿಗಳನ್ನು ಕಲಿತಳು. ಈಗ ನಲವತ್ತೆಂಟನೆಯ ವಯಸ್ಸಿಗೆ ತಿಳಿವಳಿಕೆಯೂ ಇತ್ತು, ಸಿಟ್ಟೂ ಹಾಗೇ ಇತ್ತು. ತಿಳಿಯದೆ ಮಾತಾಡುವವರನ್ನು ಕಂಡರೆ ಅವಳ ತುಟಿ ಒಂದು ಕಡೆಗೆ ತಾನಾಗಿ ಓರೆಯಾಗುತ್ತಿತ್ತು. ಶಾಲೆಯ ಉಳಿದ ಟೀಚರುಗಳು ಆ ಓರೆ ತುಟಿಗೆ ಹೆದರಿ ಸ್ಟಾಫ್ ರೂಮಿನಲ್ಲಿ ಇತಿಹಾಸದ ಮಾತನ್ನೇ ತೆಗೆಯುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷ ಗಡಿಗೆಪ್ಪ. ಎರಡು ಅಕ್ಕಿ ಗಿರಣಿಗಳ ಮಾಲೀಕ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಕೋಟೆಯ ಮೇಲಿನ ಅವನ ಮಮತೆ ಅಪ್ಪನ ಕಾಲದಿಂದ ಬಂದದ್ದು: ಕಂದಕದ ಒಂದು ತುಂಡಿಗೆ ಮಣ್ಣು ಹೊಡೆಸಿ ಅವನ ಅಪ್ಪ ಕಟ್ಟಿಸಿದ ಗೋದಾಮು ಈಗಲೂ ಅಲ್ಲೇ ಇತ್ತು. ಕೋಟೆಯನ್ನು ಉಳಿಸಬೇಕು ಎಂದು ಅವನು ಸಭೆಗಳಲ್ಲಿ ಮಾತಾಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಚಂದ್ರಕಲಾ ಅವನಿಗೆ ಫೋನ್ ಮಾಡಿದಳು.

“ಸಾವ್ಕಾರ್ರ, ಈ ಕರಪತ್ರ ಯಾರು ಬರದಾರ?”

“ನಮ್ಮ ಸೊಸಿ ಸ್ವಪ್ನಾ ಮಾಡ್ಯಾಳ್ರಿ. ಕಂಪ್ಯೂಟರ್‌ದಾಗ ಭಾಳ ಶಾಣ್ಯಾ. ಯಾವ್ದೋ ಫಾರಿನ್ ಊರಿಂದು ತಗದು, ಹೆಸರು ಬದಲಿ ಮಾಡಿ, ಕನ್ನಡ ಮಾಡ್ಸ್ಯಾಳ. ಛಲೋ ಬಂದದಲ್ರಿ?”

“ರಾಯಚೂರಾಗ ನದಿ ಎಲ್ಲದರಿ?”

ಗಡಿಗೆಪ್ಪ ನಕ್ಕ. “ಒಂದೀಟು ಹೆಚ್ಚು ಕಡಿಮಿ ಇರತದ್ರಿ ಮೇಡಂ. ಹತ್ತು ಹನ್ನೆರಡು ಮೈಲಿ ಏನು ದೂರ? ಬರೋರು ತುಮಕೂರಿನವ್ರು. ಅವ್ರಿಗೇನು ಗೊತ್ತು? ಎಲ್ಲಾ ಪ್ರಿಂಟ್ ಆಗ್ಯಾವ. ನಿಮ್ಮ ಹೆಸರೂ ಹಾಕೀವಿ, ಇತಿಹಾಸ ತಜ್ಞೆ ಅಂತ. ಆಯ್ತವಾರ ಮುಂಜಾನೆ ಏಳಕ್ಕ ಬಂದುಬಿಡ್ರಿ.”

ಇತಿಹಾಸ ತಜ್ಞೆ. ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಶಾಸನಗಳ ಬಗ್ಗೆ ಅವಳು ಬರೆದು ಕಳಿಸಿದ ಲೇಖನಗಳೆಲ್ಲ ಉತ್ತರವಿಲ್ಲದೆ ಉಳಿದಿದ್ದವು. ಅವಳು ‘ನದಿ ಅನ್ನೋದು ತಗೀರಿ’ ಎಂದು ಇನ್ನೊಂದು ಸಲ ಹೇಳಬೇಕೆಂದುಕೊಂಡಳು. ಹೇಳಲಿಲ್ಲ. ‘ಆಯ್ತು, ಬರ್ತೀನ್ರಿ’ ಎಂದಳು.

ಶನಿವಾರ ರಾತ್ರಿ ದೇವದುರ್ಗದಿಂದ ಬಂದ ಗಂಡ ಹನುಮೇಶ ಕರಪತ್ರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ದೇವದುರ್ಗದ ಕೃಷಿ ಇಲಾಖೆಯಲ್ಲಿ ಕೆಲಸ, ವಾರಕ್ಕೊಮ್ಮೆ ಮನೆ.

“ಹಂಸ ತೋರ್ಸಾಕ ಹೊಂಟೀಯೇನು?”

“ನಾ ಕೋಟಿ ತೋರ್ಸಾಕ ಹೊಂಟೀನಿ. ಹಂಸ ಅವರ ಸೊಸಿ ತೋರಸ್ತಾಳ,” ಎಂದು ಚಂದ್ರಕಲಾ ಸೀರೆಗೆ ಇಸ್ತ್ರಿ ಹಾಕಿಕೊಂಡಳು.

ಭಾನುವಾರ ಬೆಳಗ್ಗೆ ಅವಳು ಮಾನ್ವಿಯಿಂದ ಮೊದಲ ಬಸ್ಸು ಹಿಡಿದು ಕೋಟೆಯ ನವರಂಗ ದರವಾಜಾದ ಮುಂದೆ ಬಂದು ನಿಂತಾಗ ತುಮಕೂರಿನ ಹಿರಿಯರ ನಡಿಗೆ ಬಳಗದವರು ಬಂದಿಳಿದಿದ್ದರು. ಹದಿನಾಲ್ಕು ಜನ. ಎಲ್ಲರಿಗೂ ಒಂದೇ ನಮೂನೆಯ ಕಿತ್ತಳೆ ಟೋಪಿ, ಬೆಳ್ಳಗಿನ ಬೂಟು. ಬಳಗದ ಹೆಸರಿನಲ್ಲಿ ನಡಿಗೆ ಇತ್ತು, ಕಾಲಿನಲ್ಲಿ ಇರಲಿಲ್ಲ. ಬೆಟ್ಟದ ಮೇಲಿನ ಒಳಕೋಟೆ ಬಾಲಾಹಿಸಾರಿಗೆ ಮೆಟ್ಟಿಲು ಹತ್ತಬೇಕೆಂದು ಕೇಳಿದ ಕೂಡಲೇ ಕಾರ್ಯದರ್ಶಿ ಕೈ ಮುಗಿದ. ನಿವೃತ್ತ ಬ್ಯಾಂಕ್ ಮ್ಯಾನೇಜರನಾಗಿದ್ದ ಅವನಿಗೆ ಎಲ್ಲರ ಪರವಾಗಿ ಬೇಡವೆಂದು ಹೇಳುವ ಅಭ್ಯಾಸವಿತ್ತು.

“ಮೇಲೆ ಬೇಡ ಮೇಡಂ. ನಮ್ಮಲ್ಲಿ ಆರು ಜನಕ್ಕೆ ಮಂಡಿ ನೋವು. ಕೆಳಗೇ ಚಪ್ಪಟೆ ಜಾಗದಲ್ಲಿ ಏನೇನಿದೆಯೋ ಅಷ್ಟು ತೋರಿಸಿ. ನದಿ ಹತ್ತಿರ ಸ್ವಲ್ಪ ಜಾಸ್ತಿ ಟೈಮ್ ಕೊಡಿ.”

ಚಂದ್ರಕಲಾ ಗಡಿಗೆಪ್ಪನ ಕಡೆ ನೋಡಿದಳು. ಗಡಿಗೆಪ್ಪ ಆಕಾಶದ ಕಡೆ ನೋಡಿದ. ಆಮೇಲೆ ಎಲ್ಲರಿಗೂ ಕರಪತ್ರ ಹಂಚಿದ. ಅವಳೂ ಒಂದು ತೆಗೆದುಕೊಂಡು ತನ್ನ ಹೆಸರು ಹುಡುಕಿದಳು. ಕೊನೆಯ ಸಾಲಿನಲ್ಲಿ, ಊಟದ ವ್ಯವಸ್ಥೆಯವನ ಹೆಸರಿನ ಕೆಳಗೆ, ‘ಗೈಡ್: ಚಂದ್ರಕಲಾ, ಮಾನ್ವಿ’ ಎಂದಿತ್ತು.

ಆಗಲೇ ತಿರುಗಿ ಬಸ್ ನಿಲ್ದಾಣಕ್ಕೆ ಹೋಗಬಹುದಿತ್ತು. ಆದರೆ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಇಷ್ಟು ದೂರ ಬಂದಾಗಿತ್ತು. ಅವಳು ಮುಂದೆ ನಡೆದಳು.

ದರವಾಜಾದ ಕಮಾನಿನ ಕೆಳಗೆ ನಿಂತು ಅವಳು ಹೇಳತೊಡಗಿದಳು: ಯಾರು ಒಳಗಿನ ಗೋಡೆ ಕಟ್ಟಿದರು, ಯಾರು ಹೊರಗಿನದು ಕಟ್ಟಿದರು, ಈ ಎರಡು ನದಿಗಳ ನಡುವಿನ ನೆಲಕ್ಕಾಗಿ ಎಷ್ಟು ಸಲ ದಂಡು ಬಂತು, ಎಷ್ಟು ಸಲ ಹೋಯಿತು. ಹದಿನಾಲ್ಕು ಟೋಪಿಗಳಲ್ಲಿ ಎಂಟು ಮೊಬೈಲಿನ ಕಡೆ ಬಾಗಿದ್ದವು. ಒಬ್ಬ ಕಮಾನಿನ ಮುಂದೆ ಹೆಂಡತಿಯನ್ನು ನಿಲ್ಲಿಸಿ, ಚಂದ್ರಕಲಾ ಫೋಟೋದೊಳಗೆ ಬರುತ್ತಿದ್ದಾಳೆಂದು ಕೈಸನ್ನೆಯಿಂದ ಅವಳನ್ನು ಪಕ್ಕಕ್ಕೆ ಸರಿಸಿದ. ಇನ್ನೊಬ್ಬ ಕೇಳಿದ, “ಇಲ್ಲಿ ತಿಂಡಿಗೆ ಏನು ಫೇಮಸ್ಸು?”

ಕಿವಿಗೊಟ್ಟು ಕೇಳುತ್ತಿದ್ದವಳು ಒಬ್ಬಳೇ. ಎಪ್ಪತ್ತರ ಹತ್ತಿರದ, ಸಣ್ಣ ಮೈಯ, ಗಂಡಸರ ಹಾಗೆ ಕತ್ತರಿಸಿದ ಕೂದಲಿನ ಹೆಂಗಸು. ಟೋಪಿಯನ್ನು ತಲೆಗೆ ಹಾಕದೆ ಚೀಲಕ್ಕೆ ತುರುಕಿಕೊಂಡಿದ್ದಳು.

“ನಾನು ವಿಜಯಲಕ್ಷ್ಮಿ. ಸರ್ಕಾರಿ ಆಸ್ಪತ್ರೇಲಿ ನರ್ಸ್ ಆಗಿದ್ದೆ,” ಎಂದು ಅವಳು ಪರಿಚಯ ಹೇಳಿಕೊಂಡಳು. “ಇವರ ಜೊತೆ ಇದು ನಾಲ್ಕನೇ ಊರು. ಪ್ರತಿ ಊರಲ್ಲೂ ಇವರು ನೋಡೋದು ಒಂದೇ, ಇಡ್ಲಿ ಮೆತ್ತಗಿದೆಯೋ ಇಲ್ಲವೋ ಅಂತ. ನೀವು ಹೇಳಿ, ನಾನು ಕೇಳ್ತಿದೀನಿ.”

ಬಸ್ ನಿಲ್ದಾಣದ ಕಡೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕ್ರಿಸ್ತಶಕ ೧೨೯೪ರ ತೆಲುಗು ಶಾಸನ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳನ್ನು ಹೂಡಿ, ಜನ ಹಿಂದಿನಿಂದ ನೂಕುತ್ತ ತಂದ ಚಿತ್ರವನ್ನೂ ಹತ್ತಿರದಲ್ಲೇ ಕೊರೆದಿದ್ದಾರೆ. ಚಂದ್ರಕಲಾಗೆ ಇಡೀ ಕೋಟೆಯಲ್ಲಿ ಇದರಷ್ಟು ಪ್ರೀತಿಯದು ಇನ್ನೊಂದಿರಲಿಲ್ಲ. ರಾಜರ ಹೆಸರು ಎಲ್ಲ ಕಲ್ಲಿನ ಮೇಲೂ ಇರುತ್ತದೆ. ಬಂಡಿ ನೂಕಿದವರ ಬೆನ್ನು ಎಷ್ಟು ಕಲ್ಲಿನ ಮೇಲಿದೆ? ಅವಳು ಶಾಸನದ ಮೊದಲ ಸಾಲು ಓದಲು ಬೆರಳೆತ್ತಿದ್ದೇ ತಡ, ಗಡಿಗೆಪ್ಪ ಮುಂದೆ ಬಂದು ನಿಂತ.

“ಈ ಕಲ್ಲು ಎಳಿಸಿದೋರು ನಮ್ಮ ಹಿರ್ಯಾರ್ರಿ. ನಮ್ಮ ಮುತ್ತಜ್ಜನ ಮುತ್ತಜ್ಜ. ಆ ಕೋಣ ಎಲ್ಲಾ ನಮ್ಮ ಮನೀವು.”

ಟೋಪಿಗಳೆಲ್ಲ ಒಮ್ಮೆಲೇ ಮೇಲೆದ್ದವು. ಚಪ್ಪಾಳೆ ಬಿತ್ತು. ಕಲ್ಲಿಗೆ ಬೆನ್ನು ಕೊಟ್ಟು ನಿಂತ ಗಡಿಗೆಪ್ಪನ ಜೊತೆ ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಂಡರು. ಶಾಸನದ ಮೊದಲ ಸಾಲು ಅವನ ರುಮಾಲಿನ ಹಿಂದೆ ಮುಚ್ಚಿಹೋಯಿತು.

“ನಿಜವಾ?” ಎಂದು ವಿಜಯಲಕ್ಷ್ಮಿ ಮೆಲ್ಲಗೆ ಕೇಳಿದಳು.

“ಏಳು ನೂರು ವರ್ಷದ ಹಿಂದಿನ ಕೋಣದ ಗುರುತು ಹಿಡಿಯೋ ಮನುಷ್ಯಾ ಇವ,” ಎಂದಳು ಚಂದ್ರಕಲಾ. “ಇವನ ಗೋದಾಮು ಯಾವ ಜಾಗದಾಗದ ಅಂತ ಕೇಳ್ರಿ, ಅದು ಮರತಿರತಾನ.”

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಿತು. ಬಳಗದವರು ಎರಡು ಕಡೆ ಕೂತರು, ಮೂರು ಕಡೆ ನೀರು ಕುಡಿದರು. ಕಾರ್ಯದರ್ಶಿ ಕರಪತ್ರ ಬಿಚ್ಚಿ ಬೆರಳಿಟ್ಟು ಕೇಳಿದ, “ನದಿ ಯಾವಾಗ ಸರ್? ನಮ್ಮ ಹೆಂಗಸರೆಲ್ಲ ಅದನ್ನೇ ಕೇಳ್ತಿದ್ದಾರೆ. ಕೃಷ್ಣಾ ತೀರದಲ್ಲಿ ಕೂತು ಒಂದು ಭಜನೆ ಮಾಡಬೇಕು ಅಂತ ಪ್ರೋಗ್ರಾಂ ಹಾಕಿಕೊಂಡಿದ್ದೇವೆ.”

ಗಡಿಗೆಪ್ಪ ಚಂದ್ರಕಲಾಳನ್ನು ಪಕ್ಕಕ್ಕೆ ಕರೆದ.

“ಮೇಡಂ, ಕಂದಕದ ಹತ್ರ ಕರ್ಕೊಂಡ್ ಹೋಗಮು. ಅಲ್ಲಿ ನೀರದಲ್ರಿ. ಹಿಂದಕ ಇಲ್ಲಿ ತನ ಕೃಷ್ಣಾ ಬರ್ತಿದ್ಲು, ಇದು ಆಕೀದೇ ಹಳೇ ಧಾರಿ ಅಂತ ಅಂದುಬಿಡ್ರಿ.”

“ನಾ ಅನ್ನೂದಿಲ್ಲ.”

“ನೀವ್ ಅನ್ನಬ್ಯಾಡ್ರಿ, ಬಿಡ್ರಿ. ನಾ ಅಂತೀನಿ. ನೀವು ಸುಮ್ಮ ನಿಂದರ್ರಿ, ಸಾಕು.”

ಅವಳು ಸುಮ್ಮನೆ ನಿಂತಳು. ಇದನ್ನು ಆಮೇಲೆ ಅವಳು ಎಷ್ಟೋ ಸಲ ನೆನೆಸಿಕೊಂಡು ತನ್ನನ್ನೇ ಬೈದುಕೊಂಡಳು. ಆ ಹೊತ್ತಿಗೆ ಮಾತ್ರ ಅವಳಿಗೆ ಅನಿಸಿದ್ದು ಇಷ್ಟೇ: ಇಂಥವನಿಗೆ ಇಂಥವರೇ ಸರಿ, ಶಾಸನದ ಮೇಲೆ ಬೆನ್ನಿಟ್ಟು ಫೋಟೋ ತೆಗೆಸಿಕೊಳ್ಳುವವರು ಕಂದಕವನ್ನೇ ಕಾಶಿ ಎಂದುಕೊಂಡರೆ ನನ್ನದೇನು ಹೋಗುತ್ತದೆ?

ಕಂದಕದ ಉಳಿದ ತುಂಡು ಇದ್ದದ್ದು ಒಂದು ಇಕ್ಕಟ್ಟಿನ ಓಣಿಯ ಕೊನೆಗೆ. ಒಂದು ಕಡೆ ಕೋಟೆಯ ಗೋಡೆ, ಇನ್ನೊಂದು ಕಡೆ ಸಾಲು ಮನೆಗಳು, ಅವುಗಳಾಚೆ ಗಡಿಗೆಪ್ಪನ ಗೋದಾಮಿನ ತಗಡಿನ ಮಾಡು. ನಡುವೆ ಹಸಿರು ಬಣ್ಣದ ನೀರು. ಮನೆಗಳ ಬಚ್ಚಲ ಕೊಳವೆಗಳೆಲ್ಲ ಅದರ ಕಡೆಗೇ ಬಾಯಿ ಮಾಡಿದ್ದವು. ದಂಡೆಯಲ್ಲಿ ಯಾರೋ ಎಸೆದ ಹೂವಿನ ಹಾರಗಳು, ಹರಿದ ಚೀಲಗಳು. ಒಂದು ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು.

“ಹಂಸ!” ಎಂದು ಯಾರೋ ಕೂಗಿದರು.

ಗಡಿಗೆಪ್ಪ ಎರಡೂ ಕೈ ಎತ್ತಿ ಹೇಳಿದ, “ಇದಾ ನೋಡ್ರಿ ತಾಯಂದಿರಾ, ಕೃಷ್ಣಾ ನದಿಯ ಪುರಾತನ ಧಾರಿ! ರಾಜರ ಕಾಲಕ್ಕ ಕೋಟಿ ಸುತ್ತ ಹರೀತಿದ್ಲು. ಈಗ ಕಲಿಗಾಲ ಬಂದು ಬಡವಾಗ್ಯಾಳ. ಆದ್ರೂ ತೀರ್ಥ ತೀರ್ಥನ ಅಲ್ರಿ?”

ಮುಂದೆ ಆದದ್ದನ್ನು ಚಂದ್ರಕಲಾ ಎಣಿಸಿರಲಿಲ್ಲ. ಫೋಟೋ ತೆಗೆದುಕೊಂಡು ಹೊರಡುತ್ತಾರೆ ಎಂದುಕೊಂಡಿದ್ದಳು. ಆದರೆ ಬಳಗದ ಹೆಂಗಸರು ಬೂಟು ಬಿಚ್ಚಿದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಡೆದ ಮೆಟ್ಟಿಲುಗಳನ್ನು ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಗಂಡಸರೂ ಹಿಂದೆಯೇ ಇಳಿದರು. ಬಾಲಾಹಿಸಾರ್ ಹತ್ತಲಾರದ ಮಂಡಿಗಳು ಇಲ್ಲಿ ಹಾಯಾಗಿ ಮಡಚಿಕೊಂಡವು. ಕಾರ್ಯದರ್ಶಿ ಎಲ್ಲರಿಗಿಂತ ಮೊದಲು ಬಾಗಿ, ಹಸಿರು ಪೊರೆಯನ್ನು ಅಂಗೈಯಿಂದ ಸರಿಸಿ, ಬೊಗಸೆ ನೀರು ತೆಗೆದು ತಲೆಯ ಮೇಲೆ ಚಿಮುಕಿಸಿಕೊಂಡ. ‘ಗಂಗೇ ಚ ಯಮುನೇ ಚೈವ’ ಎಂದು ಶುರುವಾಯಿತು. ಒಬ್ಬ ಮುದುಕಿ ಎರಡನೇ ಸಲ ಬೊಗಸೆ ತುಂಬಿ ಬಾಯಿಯ ಹತ್ತಿರ ಒಯ್ದಳು.

“ಕುಡೀಬ್ಯಾಡ್ರಿ!” ಚಂದ್ರಕಲಾ ಕೂಗಿದ್ದು ಓಣಿಯ ತುದಿಯವರೆಗೆ ಕೇಳಿಸಿತು. “ಅದು ನದಿ ಅಲ್ಲ, ಕಂದಕ. ಆ ನೀರು ಬಚ್ಚಲದ ನೀರು. ಇಲ್ಲಿ ಎಂದೂ ಕೃಷ್ಣಾ ಹರದಿಲ್ಲ. ರಾಯಚೂರಾಗ ನದಿನೇ ಇಲ್ಲ!”

ಮಂತ್ರ ನಿಂತಿತು. ಬಾಗಿದವರು ಬಾಗಿದ ಹಾಗೇ ಕತ್ತೆತ್ತಿ ನೋಡಿದರು. ಮುದುಕಿಯ ಬೊಗಸೆಯಿಂದ ನೀರು ಸೋರಿಹೋಯಿತು.

ಅವರು ಗಡಿಗೆಪ್ಪನ ಮೇಲೆ ಹರಿಹಾಯುತ್ತಾರೆ ಎಂದು ಚಂದ್ರಕಲಾ ಕಾದಳು. ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದ. ಹಣೆಯಿಂದ ಹಸಿರು ಹನಿ ಮೂಗಿನ ಮೇಲೆ ಇಳಿಯುತ್ತಿತ್ತು. ಅವನು ನಿಂತದ್ದು ಚಂದ್ರಕಲಾಳ ಮುಂದೆ.

“ಏನಮ್ಮ ಇದು? ನಿಮಗೆ ಸಂಸ್ಕಾರ ಇಲ್ಲವಾ? ಪೂಜೆ ಮಾಡೋ ಹೊತ್ತಲ್ಲಿ ಬಚ್ಚಲು ಗಿಚ್ಚಲು ಅಂತೀರಲ್ಲ!”

“ಬಚ್ಚಲಕ್ಕ ಬಚ್ಚಲ ಅನ್ನದ ಏನನ್ಲಿ?”

“ನಮ್ಮ ಭಾವನೆ ಅಂತ ಒಂದಿರುತ್ತೆ. ನಾವು ನದಿ ಅಂದ್ಕೊಂಡ್ರೆ ಅದು ನದಿ. ನೀವು ಮೊದಲೇ ಯಾಕೆ ಹೇಳಲಿಲ್ಲ?”

ಕೊನೆಯ ಪ್ರಶ್ನೆ ಚಂದ್ರಕಲಾಳಿಗೆ ಸರಿಯಾಗಿ ನಾಟಿತು. ಅದಕ್ಕೇ ಅವಳ ದನಿ ಇನ್ನಷ್ಟು ಏರಿತು. ಹತ್ತಿರದ ಮನೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ಅಕ್ಕಿ ಆರಿಸುತ್ತ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಹೆಸರು ಕುಬ್ರಾ ಬೇಗಂ. ಕೋಟೆ ನೋಡಲು ಬಂದಾಗಲೆಲ್ಲ ಚಂದ್ರಕಲಾ ಅವಳ ಮನೆಯಲ್ಲಿ ನೀರು ಕೇಳಿ ಕುಡಿದಿದ್ದಳು.

“ಖಾಲಾ, ನೀವಾ ಹೇಳ್ರಿ. ಹುಟ್ಟಿದಾಗಿಂದ ಇಲ್ಲೇ ಇದ್ದೀರಿ. ಈ ನೀರು ಎಲ್ಲಿಂದ ಬರತದ?”

ಹದಿನೈದು ಜೋಡಿ ಕಣ್ಣುಗಳು ಕುಬ್ರಾ ಬೇಗಂ ಕಡೆ ತಿರುಗಿದವು. ಅವಳು ಮೊರದಿಂದ ಕೈ ತೆಗೆದಳು. ಚಂದ್ರಕಲಾಳನ್ನು ನೋಡಿದಳು, ಆಮೇಲೆ ಗಡಿಗೆಪ್ಪನನ್ನು ನೋಡಿದಳು. ಗಡಿಗೆಪ್ಪ ಮುಖದ ಮೇಲೆ ಅದೇ ನಗು ಇಟ್ಟುಕೊಂಡು, “ಖಾಜಾ ಆರಾಮ ಅದಾನೇನು ಬೇಗಂ? ಇವತ್ತು ಲಾರಿ ತಗೊಂಡು ಸಿಂಧನೂರಿಗೆ ಹೋಗ್ಯಾನಲ್ಲ?” ಎಂದು ವಿಚಾರಿಸಿದ.

ಖಾಜಾ ಅವಳ ಮಗ. ಗಡಿಗೆಪ್ಪನ ಗಿರಣಿಯ ಲಾರಿ ಓಡಿಸುತ್ತಿದ್ದ.

“ನಂಗೇನ್ ಗೊತ್ತಮ್ಮಾ,” ಎಂದಳು ಕುಬ್ರಾ ಬೇಗಂ, ಅಕ್ಕಿಯನ್ನೇ ನೋಡುತ್ತ. “ಸಾವ್ಕಾರ್ರು ದೊಡ್ಡೋರು. ಅವ್ರು ನದಿ ಅಂದ್ರ ನದಿ.”

“ಕೇಳಿದ್ರಲ್ರಿ!” ಎಂದ ಗಡಿಗೆಪ್ಪ.

ಚಂದ್ರಕಲಾಳ ತುಟಿ ಓರೆಯಾಯಿತು. ಇವಳೂ ಅಷ್ಟೇ, ಎಂದುಕೊಂಡಳು. ಇಡೀ ಓಣಿಯೇ ಅಷ್ಟೇ. ಕುಬ್ರಾ ಬೇಗಂ ಮೊರ ಬದಿಗಿಟ್ಟು ಎದ್ದು ಒಳಗೆ ಹೋದಳು. ಮುಖ ತೋರಿಸಲಾರದೆ ಹೋದಳು ಎಂದು ಎಲ್ಲರೂ ತಿಳಿದರು.

ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು. ಎರಡೂ ಕೈಯಲ್ಲಿ ಹಿಡಿದು ಒಂದು ಬಕೆಟ್ ತಂದು ಕಟ್ಟೆಯ ಮೇಲಿಟ್ಟಳು. ಬೋರ್‌ವೆಲ್ಲಿನ ತಿಳಿ ನೀರು. ಮತ್ತೆ ಒಳಗೆ ಹೋಗಿ ಒಂದು ಚೊಂಬು, ಒಂದು ಕೆಂಪು ಸೋಪು ತಂದು ಪಕ್ಕದಲ್ಲಿಟ್ಟಳು. ಹೊಸ್ತಿಲಿಗೆ ಮರಳಿ ಕೂತು ಅಕ್ಕಿ ಆರಿಸತೊಡಗಿದಳು.

ಮೊದಲು ಮೆಟ್ಟಿಲು ಹತ್ತಿ ಬಂದವಳು ಬೊಗಸೆ ತುಂಬಿದ್ದ ಮುದುಕಿ. ಬಕೆಟ್ಟಿನ ಮುಂದೆ ಕೂತು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಸಾಲು ನಿಂತಿತು. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ಕೈ ತೊಳೆದರು, ಹಣೆ ತೊಳೆದರು, ಕೂದಲಿಗೆ ನೀರು ಹಾಕಿಕೊಂಡು ತಿಕ್ಕಿದರು. ಬಕೆಟ್ಟು ಮೂರು ಸಲ ತುಂಬಿ ಬಂತು. ಕೊನೆಗೆ ಕಾರ್ಯದರ್ಶಿಯೂ ಕೂತ. ‘ಬಿಸಿಲಿಗೆ ಬೆವರು ಜಾಸ್ತಿ’ ಎಂದು ಯಾರೂ ಕೇಳದಿದ್ದರೂ ಹೇಳಿ, ಮೂಗನ್ನು ಎರಡು ಸಲ ಸೋಪಿನಿಂದ ಉಜ್ಜಿದ.

ತೊಳೆದುಕೊಂಡು ಎದ್ದ ಮೇಲೂ ಅವರ ಸಿಟ್ಟು ಚಂದ್ರಕಲಾಳ ಮೇಲೇ ಇತ್ತು. ಗಡಿಗೆಪ್ಪ ಎಲ್ಲರನ್ನೂ ಊಟಕ್ಕೆ ಗಿರಣಿಗೆ ಕರೆದ. ಹೋಳಿಗೆ ಮಾಡಿಸಿದ್ದಾನೆಂದು ತಿಳಿದ ಕೂಡಲೇ ಭಾವನೆಗೆ ಬಿದ್ದ ಪೆಟ್ಟು ಅರ್ಧ ವಾಸಿಯಾಯಿತು. ಅವಳನ್ನು ಯಾರೂ ಕರೆಯಲಿಲ್ಲ. ಕಿತ್ತಳೆ ಟೋಪಿಗಳು ಓಣಿ ದಾಟಿ ಹೋದವು.

ವಿಜಯಲಕ್ಷ್ಮಿ ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದಳು. ಅವಳು ನೀರಿಗೆ ಇಳಿದಿರಲೇ ಇಲ್ಲ.

“ನೀವು ಹೋಗೂದಿಲ್ಲೇನ್ರಿ?”

“ಹೋಳಿಗೆ ನಮ್ಮೂರಲ್ಲೂ ಸಿಗುತ್ತೆ. ನಲವತ್ತು ವರ್ಷ ವಾರ್ಡಲ್ಲಿ ಮೂಗು ಸವೆಸಿದೀನಿ. ಓಣಿ ಬಾಯಲ್ಲೇ ಗೊತ್ತಾಯ್ತು ಇದು ಏನು ನೀರು ಅಂತ.” ಅವಳು ಚೀಲ ಹೆಗಲಿಗೇರಿಸಿದಳು. “ನಿಜವಾದ ನದಿ ಎಷ್ಟು ದೂರ ಇದೆ? ಸಂಜೆ ಟ್ರೈನೊಳಗೆ ಹೋಗಿ ಬರಬಹುದಾ?”

ದೇವಸುಗೂರಿನ ಕಡೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಚಂದ್ರಕಲಾ ಸಾಲಾಗಿ ಎಲ್ಲರನ್ನೂ ಬೈದಳು. ಗಡಿಗೆಪ್ಪ, ಅವನ ಸೊಸೆ, ಕಾರ್ಯದರ್ಶಿ. ಕುಬ್ರಾ ಬೇಗಂ ಹೆಸರು ಬಂದಾಗ ವಿಜಯಲಕ್ಷ್ಮಿ ತಡೆದಳು.

“ಆಕೆ ಏನು ಮಾಡಿದ್ಲು?”

“ನೋಡಿದ್ರಲ್ಲ. ಸುಳ್ಳು ಹೇಳಿದ್ಲು. ನಾ ಆಕೀನ ನಂಬಿ ಕೇಳಿದ್ದೆ.”

“ಸೋಪು ತಂದಿಟ್ಲಲ್ಲ, ಅದಕ್ಕಿಂತ ಇನ್ನೇನು ಸಾಕ್ಷಿ ಬೇಕಿತ್ತು ನಿಮಗೆ? ಬಾಯಲ್ಲೂ ಹೇಳಿ ಮಗನ ಕೆಲಸ ಕಳೀಬೇಕಿತ್ತಾ? ನೀವು ಕೂಗಿದ್ರಿ, ಒಬ್ಬರೂ ಕೈ ತೊಳೀಲಿಲ್ಲ. ಆಕೆ ಬಕೆಟ್ ಇಟ್ಲು, ಹದಿಮೂರು ಜನಾನೂ ತೊಳೆದ್ರು.”

ಚಂದ್ರಕಲಾ ಕಿಟಕಿಯ ಕಡೆ ತಿರುಗಿದಳು. ಹೊರಗೆ ಹತ್ತಿ ಬಿಡಿಸಿ ಮುಗಿದ ಹೊಲಗಳು, ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಹತ್ತಿರವಾಗುತ್ತಿದ್ದವು.

ದೇವಸುಗೂರಿನಲ್ಲಿ ಇಳಿದು, ಸೂಗೂರೇಶ್ವರನ ಗುಡಿಗೆ ಕೈ ಮುಗಿದು, ಅವರು ಹೊಳೆಯ ಕಡೆ ನಡೆದರು. ಜನವರಿಯ ಕೃಷ್ಣೆ ಅರ್ಧ ಬಂಡೆ, ಅರ್ಧ ನೀರು. ಹಳೆಯ ಸೇತುವೆಯ ಕಮಾನುಗಳ ಕೆಳಗೆ ಅಗಲವಾಗಿ, ಯಾವ ಆತುರವೂ ಇಲ್ಲದೆ ಹರಿಯುತ್ತಿದ್ದಳು. ಒಂದು ಕಡೆ ಎಮ್ಮೆಗಳು ಮುಳುಗಿದ್ದವು. ಗಾಳಿಯಲ್ಲಿ ಬೂದಿಯ ವಾಸನೆ ಇತ್ತು. ಕರಪತ್ರದಲ್ಲಿ ಹಾಕುವಂಥ ಚಂದ ಏನೂ ಇರಲಿಲ್ಲ. ವಿಜಯಲಕ್ಷ್ಮಿ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟಳು. ಚಂದ್ರಕಲಾ ಅಂಗಡಿಯಿಂದ ಕಟ್ಟಿಸಿಕೊಂಡು ಬಂದಿದ್ದ ಮಂಡಾಳ ಒಗ್ಗರಣೆ ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಬಿಚ್ಚಿದಳು.

“ಆ ಕರಪತ್ರ ನಂಗ ಸೋಮವಾರನ ಬಂದಿತ್ರಿ,” ಎಂದಳು ಅವಳು, ಮಿರ್ಚಿಯ ತೊಟ್ಟು ಮುರಿಯುತ್ತ. “ಆರು ದಿನ ಗೊತ್ತಿತ್ತು, ಸುಳ್ಳಂತ. ನಿಮ್ಮ ಸೆಕ್ರೆಟರಿ ಕೇಳಿದ್ದು ಖರೇ ಅದ, ಮೊದಲಾ ಯಾಕ ಹೇಳಲಿಲ್ಲ ಅಂತ. ನನ್ನ ಹೆಸರು ಹಾಕ್ಯಾರಂತ ಬಾಯಿ ಮುಚ್ಚಿಕೊಂಡಿದ್ದೆ. ಇತಿಹಾಸ ತಜ್ಞೆ ಅಂತ ಹಾಕೀವಿ ಅಂದಿದ್ರು.”

“ಹಾಕಿದ್ರಾ?”

“ಗೈಡ್ ಅಂತ ಹಾಕ್ಯಾರ. ಅಡಗಿ ಮಾಡೋನ ಕೆಳಗ.”

ವಿಜಯಲಕ್ಷ್ಮಿ ಜೋರಾಗಿ ನಕ್ಕಳು. ಒಂದು ಎಮ್ಮೆ ತಲೆ ತಿರುಗಿಸಿ ನೋಡಿತು. ಸ್ವಲ್ಪ ಹೊತ್ತಿಗೆ ಚಂದ್ರಕಲಾಳೂ ನಕ್ಕಳು, ಖಾರ ನೆತ್ತಿಗೇರಿ ಕೆಮ್ಮು ಬರುವ ತನಕ.

ಬುಧವಾರ ಶಾಲೆಗೆ ಸಮಿತಿಯ ದೂರು ಬಂತು: ನಿಮ್ಮ ಶಿಕ್ಷಕಿ ಯಾತ್ರಿಕರ ಭಾವನೆಗೆ ಧಕ್ಕೆ ತಂದಿದ್ದಾರೆ, ಲಿಖಿತ ವಿಷಾದ ಪಡೆಯಬೇಕು. ಹೆಡ್ ಮಾಸ್ತರ್ ಮಲ್ಲೇಶ ಒಳ್ಳೆಯವನು. ಅಂದರೆ ಯಾರನ್ನೂ ಎದುರು ಹಾಕಿಕೊಳ್ಳದವನು.

“ಒಂದು ಸಾಲು ಬರದು ಕೊಡ್ರಿ ಮೇಡಂ. ‘ವಿಷಾದಿಸುತ್ತೇನೆ’ ಅನ್ನೋ ಶಬ್ದ ಇದ್ರ ಸಾಕು, ನಾ ಮುಂದ ಕಳಸ್ತೀನಿ.”

ಚಂದ್ರಕಲಾ ಬರೆದಳು: ‘ರಾಯಚೂರು ನಗರದಲ್ಲಿ ನದಿ ಇದೆಯೆಂಬ ಕರಪತ್ರ ಸುಳ್ಳೆಂದು ಆರು ದಿನ ಮುಂಚೆಯೇ ತಿಳಿದಿದ್ದರೂ ನಾನು ಸುಮ್ಮನಿದ್ದೆ. ಇದರಿಂದ ಹದಿಮೂರು ಮಂದಿ ಹಿರಿಯರು ಚರಂಡಿಯ ನೀರನ್ನು ತಲೆಗೆ ಹಾಕಿಕೊಂಡರು. ನನ್ನ ಮೌನಕ್ಕಾಗಿ ವಿಷಾದಿಸುತ್ತೇನೆ. ಕಂದಕದ ಮೇಲೆ ಕಟ್ಟಿದ ಗೋದಾಮಿನ ಬಗ್ಗೆಯೂ ಇಷ್ಟು ವರ್ಷ ಸುಮ್ಮನಿದ್ದೆ. ಅದಕ್ಕೂ ವಿಷಾದಿಸುತ್ತೇನೆ.’

ಮಲ್ಲೇಶ ಕಾಗದದ ಮೇಲೆ ಕಣ್ಣಾಡಿಸಿದ. ‘ವಿಷಾದಿಸುತ್ತೇನೆ’ ಎರಡು ಸಲ ಕಂಡು ಸಂತೋಷಪಟ್ಟು, ಮೊಹರು ಒತ್ತಿ ಕಳಿಸಿದ. ಗಡಿಗೆಪ್ಪನೂ ಅಷ್ಟೇ ಓದಿದನೆಂದು ಕಾಣುತ್ತದೆ. ಆ ವಾರ ಸ್ಥಳೀಯ ಪತ್ರಿಕೆಯ ಮೂರನೇ ಪುಟದಲ್ಲಿ ‘ನದಿ ವಿವಾದ: ಶಿಕ್ಷಕಿಯಿಂದ ಲಿಖಿತ ವಿಷಾದ’ ಎಂಬ ಸುದ್ದಿ ಬಂತು. ಪಕ್ಕದಲ್ಲಿ ಉದ್ದನೆಯ ಕಲ್ಲಿಗೆ ಬೆನ್ನು ಕೊಟ್ಟು ನಿಂತ ಗಡಿಗೆಪ್ಪನ ಚಿತ್ರ. ಕಾಗದದಲ್ಲಿ ಏನಿತ್ತೆಂದು ಯಾರೂ ಅಚ್ಚು ಹಾಕಲಿಲ್ಲ. ಚಂದ್ರಕಲಾ ಅದರ ನಕಲನ್ನು ತುಮಕೂರಿನ ವಿಜಯಲಕ್ಷ್ಮಿಗೆ ಅಂಚೆಯಲ್ಲಿ ಕಳಿಸಿದಳು.

ಹದಿನೈದು ದಿನದ ಮೇಲೆ ವಿಜಯಲಕ್ಷ್ಮಿ ಫೋನ್ ಮಾಡಿದಳು.

“ಬಳಗದ ಮೀಟಿಂಗಲ್ಲಿ ಎದ್ದು ನಿಂತು ನಿಮ್ಮ ಕಾಗದ ಪೂರ್ತಿ ಓದಿದೆ ಕಣ್ರಿ. ಇಬ್ಬರಿಗೆ ಆಗಲೇ ಚರ್ಮದ ಮೇಲೆ ಗುಳ್ಳೆ ಎದ್ದಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಸೆಕ್ರೆಟರಿ ನನ್ನ ಹೆಸರು ಹೊಡೆದು ಹಾಕಿದ್ದಾರೆ. ನನ್ನ ಜೊತೆ ಇನ್ನೂ ಮೂವರು ಹೆಂಗಸರು ಬಿಟ್ಟಿದ್ದಾರೆ. ಮಾರ್ಚಲ್ಲಿ ನಾವು ನಾಲ್ಕು ಜನ ಬರ್ತೀವಿ. ಕಮಿಟಿ ಗಿಮಿಟಿ ಬೇಡ. ನೀವು ಬೆಟ್ಟ ಹತ್ತಿಸ್ತೀರಾ?”

“ಮುಂಜಾನಿ ಆರಕ್ಕ ಏರಬೇಕಾಗತದ್ರಿ, ಬಿಸಿಲು ಆಗೂದ್ರೊಳಗ. ನಡಕ ಕುಂದ್ರಾಕ ಬಿಡೂದಿಲ್ಲ ನೋಡ್ರಿ ಮತ್ತ,” ಎಂದಳು ಚಂದ್ರಕಲಾ.

“ಬೈಕೊಂಡೇ ಹತ್ತಿಸಿ, ಪರವಾಗಿಲ್ಲ.”

ಫೋನ್ ಇಟ್ಟು ಅವಳು ತರಗತಿಗೆ ಹೋದಳು. ಅರ್ಧದಷ್ಟು ಹುಡುಗಿಯರು ಪುಸ್ತಕ ತಂದಿರಲಿಲ್ಲ. ಅವಳ ತುಟಿ ಓರೆಯಾಯಿತು, ಆದರೂ ಬೈಯದೆ ತನ್ನ ಪುಸ್ತಕವನ್ನೇ ತೆಗೆದು ಮೊದಲ ಬೆಂಚಿನ ಮೇಲಿಟ್ಟಳು.